ಮೂವತ್ಮೂರರಲ್ಲಿ ಹೊಸ ಲೈಸೆನ್ಸ್: ಲೆಸ್ಟರಿಗೆ ಬಂದ ಬದಿಯಡ್ಕದ ತಂಗಿಗೆ

ಡ್ರೈವಿಂಗ್ ಟೆಸ್ಟ್ ಪಾಸಾಯಿತು, ಆದರೆ ಇನ್ಶೂರೆನ್ಸಿಗೆ ವರ್ಷಕ್ಕೆ 1,900 ಪೌಂಡ್ ಕೇಳ್ತಾರೆ, ಕಾರಿನ ಬೆಲೆಯೇ 2,500, ಇದೇನು ಮೋಸವಾ ಅಕ್ಕಾ ಎಂದು ಕೇಳಿದ್ದೀಯ. ಕಾಸರಗೋಡಿನಲ್ಲಿ ಎಚ್ ಹಾಕಿ ಲೈಸೆನ್ಸ್ ತೆಗೆದು, ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವುಗಳಲ್ಲಿ ವರ್ಷಗಟ್ಟಲೆ ಓಡಿಸಿದ್ದಕ್ಕೆ ಇಲ್ಲಿ ಬೆಲೆಯೇ ಇಲ್ಲವಾ ಎಂದೂ ಕೇಳಿದ್ದೀಯ. ಮೋಸ ಅಲ್ಲ ಮಾರಾಯ್ತಿ. ಆದರೆ ಸಿಕ್ಕಿದ ಮೊದಲ ಕೋಟನ್ನೇ, ಅಂದರೆ ಕಂಪನಿ ಹೇಳುವ ದರವನ್ನೇ, ಒಪ್ಪಿಕೊಳ್ಳಬೇಕೆಂದೂ ಇಲ್ಲ.

ಊರಿನಲ್ಲಿ ನಾವು ಇನ್ಶೂರೆನ್ಸ್ ಮಾಡಿಸುವುದು ಕಾರಿಗೆ. ಥರ್ಡ್ ಪಾರ್ಟಿ, ಅಂದರೆ ಎದುರಿನವರ ನಷ್ಟಕ್ಕೆ ಮಾತ್ರ ಕೊಡುವ ಇನ್ಶೂರೆನ್ಸಿನ ದರವನ್ನು ಸರಕಾರವೇ ನಿಗದಿ ಮಾಡುತ್ತದೆ, ಅದೂ ಇಂಜಿನ್ ಎಷ್ಟು ದೊಡ್ಡದೆಂದು ನೋಡಿ. 2022ರಲ್ಲಿ ನಿಗದಿಯಾದ ದರದ ಪ್ರಕಾರ 1,000ದಿಂದ 1,500 ಸಿಸಿ ಕಾರಿಗೆ 3,416 ರೂಪಾಯಿ. ಅಪ್ಪ ಓಡಿಸಲಿ, ಅಣ್ಣ ಓಡಿಸಲಿ, ಲೈಸೆನ್ಸ್ ಇದ್ದರೆ ಸಾಕು. ಬ್ರಿಟನ್ನಿನಲ್ಲಿ ಮುಖ್ಯವಾಗಿ ನೋಡುವುದು ಓಡಿಸುವ ಮನುಷ್ಯರನ್ನು. ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೆಸರಿದ್ದವರು ಮಾತ್ರ ಆ ಕಾರು ಮುಟ್ಟಬಹುದು. ವಯಸ್ಸು, ಕೆಲಸ, ಮನೆಯ ಪೋಸ್ಟ್‌ಕೋಡ್, ರಾತ್ರಿ ಕಾರು ನಿಲ್ಲುವ ಜಾಗ, ಇಲ್ಲಿನ ಲೈಸೆನ್ಸ್ ಸಿಕ್ಕಿ ಎಷ್ಟು ಸಮಯವಾಯಿತು, ಹಿಂದೆ ಕ್ಲೇಮ್ ಆಗಿದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹೆಣ್ಣೋ ಗಂಡೋ ಎಂಬುದನ್ನು ನೋಡಿ ದರ ಹಾಕುವುದು ಮಾತ್ರ 2012ರ ಡಿಸೆಂಬರಿನಿಂದ ನಿಂತಿದೆ.

ಪೆರ್ಲದ ಅಂಗಡಿಯವರು ಗುರುತಿನವರಿಗೆ ಉದ್ರಿ ಬರೆದು, ಹೊಸಬರ ಹತ್ತಿರ ರೊಕ್ಕ ಕೇಳುವ ಹಾಗೆಯೇ ಇದೂ. ನಿನ್ನ ಡ್ರೈವಿಂಗ್ ಕೆಟ್ಟದೆಂದು ಅವರು ಹೇಳುತ್ತಿಲ್ಲ, ನಿನ್ನ ಗುರುತು ಅವರಿಗಿಲ್ಲ ಅಷ್ಟೆ. ಹದಿನೇಳರ ಹುಡುಗರಿಗೆ ಬರುವ ಕೋಟ್ ನೋಡಿದರೆ ನಿನ್ನ ಮೂವತ್ಮೂರು ವರ್ಷ ಎಷ್ಟು ಉಪಕಾರ ಮಾಡಿದೆ ಎಂದು ಗೊತ್ತಾಗುತ್ತದೆ. ವಯಸ್ಸು ನಿನ್ನ ಪರವಾಗಿ ಉಂಟು. ಇನ್ನು ಆಗಬೇಕಾದದ್ದು ಇಲ್ಲಿಯದೇ ಒಂದು ದಾಖಲೆ. ಊರಿನ ಇನ್ಶೂರೆನ್ಸ್ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ, ಅಂದರೆ ಇಷ್ಟು ವರ್ಷ ಕ್ಲೇಮ್ ಮಾಡಿಲ್ಲ ಎಂಬ ಪತ್ರ, ತರಿಸಿ ಇಟ್ಟುಕೋ. ಹೊರದೇಶದ ಬೋನಸನ್ನು ಪರಿಗಣಿಸುವ ಕಂಪನಿಗಳು ಕೆಲವೇ, ಅದೂ ವೆಬ್‌ಸೈಟಿನಲ್ಲಿ ಕಾಣಿಸುವುದಿಲ್ಲ, ಫೋನ್ ಮಾಡಿ ಕೇಳಬೇಕು. ಸಿಕ್ಕಿದರೆ ಲಾಭ. ಅದನ್ನೇ ನೆಚ್ಚಿಕೊಂಡು ಕೂರಬೇಡ.

ಈಗ ನನಗೆ ನಿಜವಾಗಿಯೂ ಚಿಂತೆಯಾದ ವಿಷಯ. ನೀನು ಹೋಮ್ ಕೇರ್ ಕೆಲಸದಲ್ಲಿ ಬೆಳಗ್ಗಿನಿಂದ ಸಂಜೆವರೆಗೆ ನಾಲ್ಕೈದು ಅಜ್ಜ ಅಜ್ಜಿಯರ ಮನೆಗೆ ಹೋಗುವವಳು. ಕೋಟ್ ತೆಗೆಯುವಾಗ ಕಾರಿನ ಬಳಕೆಗೆ ‘ಸೋಶಿಯಲ್ ಅಂಡ್ ಕಮ್ಯೂಟಿಂಗ್’ ಒತ್ತಿದ್ದೇನೆ ಎಂದು ಬರೆದಿದ್ದೀಯ. ಕಮ್ಯೂಟಿಂಗ್ ಎಂದರೆ ಮನೆಯಿಂದ ಒಂದೇ ಖಾಯಂ ಕೆಲಸದ ಜಾಗಕ್ಕೆ ಹೋಗಿ ಬರುವುದು. ಆಸ್ಪತ್ರೆಯಲ್ಲಿರುವ ನರ್ಸಿಗೆ ಅದು ಸಾಕು. ಮನೆಯಿಂದ ಮನೆಗೆ ಹೋಗುವ ನಿನಗೆ ಬಿಸಿನೆಸ್ ಯೂಸ್, ಸಾಮಾನ್ಯವಾಗಿ ಅದರ ಕ್ಲಾಸ್ ಒನ್, ಬೇಕೇ ಬೇಕು. ಇದರಿಂದ ದರ ಸ್ವಲ್ಪ ಏರಬಹುದು. ಆದರೆ ಎರಡನೆಯ ಮನೆಯಿಂದ ಮೂರನೆಯ ಮನೆಗೆ ಹೋಗುವಾಗ ಯಾರಿಗಾದರೂ ತಾಗಿಸಿದರೆ, ನಿನ್ನ ಪಾಲಿಸಿಯಲ್ಲಿ ಆ ಪ್ರಯಾಣವೇ ಇಲ್ಲ. ಎದುರಿನವರಿಗೆ ಕೊಟ್ಟ ಹಣವನ್ನು ಕಂಪನಿ ನಿನ್ನಿಂದ ವಸೂಲಿ ಮಾಡಲು ಬರಬಹುದು. ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ದಕ್ಕೆ 300 ಪೌಂಡ್ ದಂಡ, ಲೈಸೆನ್ಸಿಗೆ ತಪ್ಪಿನ ಆರು ಪಾಯಿಂಟ್. ಹೊಸ ಲೈಸೆನ್ಸಿನವರಿಗೆ ಮೊದಲ ಎರಡು ವರ್ಷದೊಳಗೆ ಆರು ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು. ಪ್ರೊವಿಷನಲ್, ಅಂದರೆ ಕಲಿಯುವವರ ಲೈಸೆನ್ಸ್ ತೆಗೆದು, ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಮತ್ತೆ ಪಾಸು ಮಾಡಬೇಕು. ನಮ್ಮ ಊರಿನಿಂದ ಕೇರ್ ಕೆಲಸಕ್ಕೆ ಬಂದ ಎಷ್ಟೋ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಏಜೆನ್ಸಿಯವರೂ ಕಾರು ಉಂಟಾ ಎಂದು ಕೇಳುತ್ತಾರೆಯೇ ಹೊರತು, ಯಾವ ಬಳಕೆಗೆ ಇನ್ಶೂರೆನ್ಸ್ ಉಂಟು ಎಂದು ಎಲ್ಲರೂ ವಿಚಾರಿಸುವುದಿಲ್ಲ. ಮೊದಲು ಇದನ್ನು ಸರಿ ಮಾಡಿ, ಆಮೇಲೆ ದರ ಇಳಿಸುವ ದಾರಿ ನೋಡೋಣ. ಮನೆಯಿಂದ ಮನೆಗೆ ಓಡಿಸುವ ಮೈಲಿಗೆ ಏಜೆನ್ಸಿ ಎಷ್ಟು ಕೊಡುತ್ತದೆ ಎಂದೂ ಕೇಳು. ಸರಕಾರ ಒಪ್ಪಿದ ದರಕ್ಕಿಂತ ಕಡಿಮೆ ಕೊಟ್ಟರೆ ಉಳಿದ ಮೊತ್ತಕ್ಕೆ ತೆರಿಗೆ ವಿನಾಯಿತಿ ಕೇಳಬಹುದು.

ದರ ಇಳಿಸುವುದರಲ್ಲಿ ದೊಡ್ಡ ಪಾಲು ಕಾರಿನ ಆಯ್ಕೆಯದ್ದು. ನೀನು ನೋಡಿಟ್ಟ 1.6 ಲೀಟರ್ ಕಾರನ್ನು ಬಿಟ್ಟುಬಿಡು. ಇಲ್ಲಿನ ಹಳೆಯ ಕಾರುಗಳಿಗೆಲ್ಲ 1ರಿಂದ 50ರವರೆಗೆ ಇನ್ಶೂರೆನ್ಸ್ ಗ್ರೂಪ್ ಉಂಟು, ನಂಬರ್ ಕಡಿಮೆಯಾದಷ್ಟು ಸಾಮಾನ್ಯವಾಗಿ ದರವೂ ಕಡಿಮೆ. ಒಂದು ಲೀಟರಿನ ಹ್ಯುಂಡೈ ಐ10, ಕಿಯಾ ಪಿಕಾಂಟೊ, ಫೋಕ್ಸ್‌ವಾಗನ್ ಅಪ್ ಇವೆಲ್ಲ ಕೆಳಗಿನ ಗ್ರೂಪಿನವು. ಕಾರು ಕೊಳ್ಳುವ ಮೊದಲೇ ಅದರ ನಂಬರ್ ಹಾಕಿ ಕೋಟ್ ತೆಗೆ. ಕಾರು ತಂದು ಮನೆ ಮುಂದೆ ನಿಲ್ಲಿಸಿ ಆಮೇಲೆ ಇನ್ಶೂರೆನ್ಸ್ ಹುಡುಕುವವರಿಗೆ ದುಬಾರಿ ದರವೇ ಗತಿ.

ಕಡಿಮೆಗೆ ಸಿಗಬಹುದೆಂದು ಥರ್ಡ್ ಪಾರ್ಟಿ ಮಾತ್ರ ನೋಡುತ್ತಿದ್ದೀಯ ಅಲ್ವಾ? ನಿನ್ನ ಕಾರಿನ ನಷ್ಟಕ್ಕೂ ಕೊಡುವ ಕಾಂಪ್ರಹೆನ್ಸಿವ್ ಹಾಕಿಯೂ ನೋಡು. ಇಲ್ಲಿ ಅನೇಕ ಸಲ ಅದೇ ಅಗ್ಗ. ಹೆಚ್ಚು ಅಪಘಾತ ಮಾಡುವವರು ಥರ್ಡ್ ಪಾರ್ಟಿಯನ್ನೇ ಆರಿಸುತ್ತಾ ಬಂದದ್ದರಿಂದ ಕಂಪನಿಗಳು ಅದಕ್ಕೆ ದರ ಏರಿಸಿವೆ. ಎಕ್ಸೆಸ್, ಅಂದರೆ ಕ್ಲೇಮ್ ಮಾಡುವಾಗ ನಿನ್ನ ಕೈಯಿಂದ ಹೋಗುವ ಮೊತ್ತ, ಸ್ವಲ್ಪ ಏರಿಸಿದರೆ ಪ್ರೀಮಿಯಂ ಇಳಿಯುತ್ತದೆ. ಆದರೆ ನಾಳೆ ತುರ್ತಾಗಿ ಕೊಡಲು ಸಾಧ್ಯವಾಗುವಷ್ಟೇ ಬರೆ. 2,500ರ ಕಾರಿಗೆ 1,000 ಎಕ್ಸೆಸ್ ಇಟ್ಟರೆ ಇನ್ಶೂರೆನ್ಸಿನಿಂದ ನಿನಗೆ ಸಿಗುವುದು ಹೆಚ್ಚೆಂದರೆ 1,500.

ಕಾರಿಗೆ ಬ್ಲ್ಯಾಕ್ ಬಾಕ್ಸ್ ಎಂಬ ಸಣ್ಣ ಯಂತ್ರ ಹಾಕಿಸುವುದು ಮಕ್ಕಳಾಟ ಎಂದು ನಿನಗೆ ಅನ್ನಿಸಿರಬಹುದು. ವೇಗ, ಬ್ರೇಕ್, ತಿರುವು, ಓಡಿಸುವ ಹೊತ್ತು ಎಲ್ಲವನ್ನೂ ಅದು ಬರೆದಿಡುತ್ತದೆ. ಮೂವತ್ತು ದಾಟಿದವರಿಗೆ ಅದರಿಂದ ಸಿಗುವ ಉಳಿತಾಯ ಹುಡುಗರಿಗೆ ಸಿಕ್ಕಿದಷ್ಟು ಇರುವುದಿಲ್ಲ, ಆದರೂ ಹಾಕಿ ಒಂದು ಕೋಟ್, ಹಾಕದೆ ಒಂದು ಕೋಟ್ ತೆಗೆ. ನೈಟ್ ಶಿಫ್ಟ್ ಇದ್ದರೆ ರಾತ್ರಿ ಓಡಿಸಿದ್ದಕ್ಕೆ ಅಂಕ ಕಳೆಯುವ ಪಾಲಿಸಿಯಾ ಎಂದು ಓದಿ ನೋಡಿಯೇ ಸಹಿ ಹಾಕು.

ನಿಮ್ಮ ಮನೆಯವರ ಹೆಸರು ಸೇರಿಸಿದರೆ ಕಡಿಮೆಯಾಗುತ್ತದಾ ಎಂದು ಕೇಳಿದ್ದೀಯ. ಅವರ ಹತ್ತಿರ ಇರುವುದು ಊರಿನ ಲೈಸೆನ್ಸ್; ಇಲ್ಲಿಗೆ ಬಂದು 12 ತಿಂಗಳವರೆಗೆ ಮಾತ್ರ ಅದರಲ್ಲಿ ಓಡಿಸಬಹುದು. ಅವರ ಹೆಸರಿನಿಂದ ದರ ಏರುವ ಸಂಭವವೇ ಹೆಚ್ಚು. ಇಲ್ಲಿ ಹಲವು ವರ್ಷ ಚೊಕ್ಕವಾಗಿ ಓಡಿಸಿದ, ನಿನ್ನ ಕಾರನ್ನು ಆಗಾಗ ನಿಜವಾಗಿ ಓಡಿಸಲಿರುವ ಯಾರಾದರೂ ಇದ್ದರೆ ಅವರನ್ನು ಎರಡನೆಯ ಡ್ರೈವರ್ ಎಂದು ಸೇರಿಸಿದರೆ ಉಪಯೋಗವಾಗಬಹುದು. ಅವರನ್ನೇ ಮುಖ್ಯ ಡ್ರೈವರ್ ಎಂದು ತೋರಿಸಿ ದಿನಾ ನೀನು ಓಡಿಸುವುದು ಮಾತ್ರ ಅಪರಾಧ. ಅದರಿಂದ ನಿನ್ನ ಹೆಸರಿಗೆ ನೋ ಕ್ಲೇಮ್ ಬೋನಸೂ ಸಾಮಾನ್ಯವಾಗಿ ಸೇರುವುದಿಲ್ಲ. ಸುಳ್ಳು ಬರೆದದ್ದಕ್ಕೆ ಒಮ್ಮೆ ಪಾಲಿಸಿ ರದ್ದಾದರೆ, ಮುಂದೆ ಕೇಳಿದ ಪ್ರತಿ ಕಂಪನಿಗೂ ಅದನ್ನು ಹೇಳಲೇಬೇಕು. ಆಮೇಲೆ ಬರುವ ದರ ನೋಡಿದರೆ ಈಗಿನ 1,900 ಸಣ್ಣದೆನಿಸುತ್ತದೆ.

ಕಂಪೇರ್ ದ ಮಾರ್ಕೆಟ್, ಮನಿಸೂಪರ್‌ಮಾರ್ಕೆಟ್, ಕನ್ಫ್ಯೂಸ್ಡ್, ಗೋಕಂಪೇರ್ ಎಂಬ ದರ ಹೋಲಿಸುವ ವೆಬ್‌ಸೈಟುಗಳಲ್ಲಿ ಎರಡಾದರೂ ನೋಡು. ಪಾಲಿಸಿ ಶುರುವಾಗುವ ದಿನಕ್ಕೆ ಮೂರು ವಾರ ಮೊದಲು ನೋಡಿದರೆ ದರ ಕಡಿಮೆ, ಹಿಂದಿನ ದಿನ ನೋಡಿದರೆ ಏರಿರುತ್ತದೆ. ತಿಂಗಳ ಕಂತು ಎಂದರೆ ಸಾಮಾನ್ಯವಾಗಿ ಬಡ್ಡಿ ಸೇರಿದ ಸಾಲ. ಕೈಯಲ್ಲಿದ್ದರೆ ವರ್ಷದ್ದು ಒಟ್ಟಿಗೆ ಕಟ್ಟು.

ವಾಟ್ಸಾಪಿನಲ್ಲಿ ಒಬ್ಬ ಮಲಯಾಳದಲ್ಲಿ ಮಾತಾಡಿ 600 ಪೌಂಡಿಗೆ ಮಾಡಿಕೊಡುತ್ತೇನೆ ಎಂದನಂತಲ್ಲ, ಅವನ ಸಹವಾಸ ಬೇಡ. ನಮ್ಮ ಊರಿನ ಕಡೆಯ ಭಾಷೆ ಆಡುತ್ತಾನೆಂದು ನಂಬಬೇಡ. ಹೊಸದಾಗಿ ಬಂದವರಿಗೇ ನಕಲಿ ಪಾಲಿಸಿ ಮಾರುವವರು ಇಲ್ಲಿ ಇದ್ದಾರೆ. ಕಾಗದ ಅಸಲಿಯಂತೆಯೇ ಇರುತ್ತದೆ, ಕಂಪನಿಯ ದಾಖಲೆಯಲ್ಲಿ ಏನೂ ಇರುವುದಿಲ್ಲ, ಇದ್ದರೂ ಬೇರೆಯವರ ವಿವರ ಇರುತ್ತದೆ. ಪೊಲೀಸರ ಕ್ಯಾಮರಾ ಕಾರಿನ ನಂಬರ್ ಓದಿ ದಾಖಲೆ ನೋಡುತ್ತದೆ, ಕಾರನ್ನೇ ಎತ್ತಿಕೊಂಡು ಹೋಗುತ್ತಾರೆ. ಯಾರಿಂದ ಕೊಂಡರೂ, ಇನ್ಶೂರೆನ್ಸ್ ಇರುವ ಕಾರುಗಳ ದಾಖಲೆ ಇಡುವ ಮೋಟರ್ ಇನ್ಶೂರರ್ಸ್ ಬ್ಯೂರೋದ ವೆಬ್‌ಸೈಟಿನಲ್ಲಿ ನಿನ್ನ ಕಾರಿನ ನಂಬರ್ ಹಾಕಿ ನೋಡು.

ಮೊದಲ ವರ್ಷ ಹೇಗಾದರೂ ದಾಟಿಸು. ಕ್ಲೇಮ್ ಇಲ್ಲದೆ 12 ತಿಂಗಳು ಮುಗಿದರೆ ಒಂದು ವರ್ಷದ ಬೋನಸ್, ಅಲ್ಲಿಂದ ದರ ಇಳಿಯತೊಡಗುತ್ತದೆ. ಅಡಿಕೆ ಕೊಯ್ಲಿನ ಸಮಯಕ್ಕೆ ಊರಿಗೆ ಹೋಗುತ್ತೇನೆ, ಆ ಎರಡು ತಿಂಗಳು ಇನ್ಶೂರೆನ್ಸ್ ನಿಲ್ಲಿಸಬಹುದಾ ಎಂದಿದ್ದೀಯ. ನಿಲ್ಲಿಸಬೇಡ. ನಡುವೆ ರದ್ದು ಮಾಡಿದರೆ ಆ ವರ್ಷದ ಬೋನಸ್ ಹೋಗುತ್ತದೆ, ಬೀದಿಯಲ್ಲಿ ನಿಂತ ಕಾರಿಗೂ ಇಲ್ಲಿ ಇನ್ಶೂರೆನ್ಸ್ ಇರಲೇಬೇಕು. ವರ್ಷದ ಕೊನೆಯಲ್ಲಿ ಹಳೆಯ ಕಂಪನಿ ತಾನಾಗಿಯೇ ನವೀಕರಿಸಲು ಬಿಡದೆ ಮತ್ತೆ ಹುಡುಕು.

ಈ ವಾರ ಬಿಸಿನೆಸ್ ಯೂಸ್ ಹಾಕಿ, ಸಣ್ಣ ಕಾರಿನ ನಂಬರ್ ಕೊಟ್ಟು, ಕಾಂಪ್ರಹೆನ್ಸಿವಿಗೆ ಕೋಟ್ ತೆಗೆ. ಅತಿ ಕಡಿಮೆ ದರದ ಮೂರನ್ನು ನನಗೆ ಕಳಿಸು, ದುಡ್ಡು ಕಟ್ಟುವ ಮೊದಲು ಎಕ್ಸೆಸ್ಸನ್ನೂ ಬಳಕೆಯ ಸಾಲನ್ನೂ ಓದಿ ಹೇಳುತ್ತೇನೆ. ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ, ಫೋನ್ ಮಾಡು.