ಇಳುಕಲಲ್ಲಿ ಮಾತ್ರ ಸ್ಟಾರ್ಟ್ ಆಗುವ ಟ್ರ್ಯಾಕ್ಟರ್: ಎಂಜಿನ್ ಬಿಚ್ಚಬೇಕಾ?

ಪ್ರಶ್ನೆ: ನಮ್ಮೂರು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿದೆ. ಮೂರು ಸಿಲಿಂಡರಿನ 35 ಎಚ್‌ಪಿ ಟ್ರ್ಯಾಕ್ಟರ್, ಇಪ್ಪತ್ತು ವರ್ಷ ದಾಟಿದೆ. ಚಳಿಗಾಲದಲ್ಲಿ ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಸಾಕಾಗುತ್ತದೆ. ಇಳುಕಲಿಗೆ ಬಿಟ್ಟು ಗೇರ್ ಹಾಕಿದರೆ ಹಿಡಿಯುತ್ತದೆ. ಸ್ವಲ್ಪ ಹೊತ್ತು ಕಣ್ಣುರಿಯುವ ಬಿಳಿ ಹೊಗೆ, ಆಮೇಲೆ ಸರಿ. ಆಯಿಲ್ ಹೆಚ್ಚೇನೂ ಕುಡಿಯುವುದಿಲ್ಲ. ಹೋದ ವರ್ಷ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ) ಬದಲಿಸಿದ್ದೆವು. ಕಾಂಪ್ರೆಷನ್ (ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಒತ್ತಡ) ಹೋಗಿದೆ, ಲೈನರ್-ಪಿಸ್ಟನ್ ಸೆಟ್ ಹಾಕಿಸಿ ಅಂತಾರೆ ಮಿಸ್ತ್ರಿ. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಕಾಂಪ್ರೆಷನ್ ಕಮ್ಮಿ ಅನ್ನೋದು ನಿಜವೇ ಇರಬಹುದು. ಆದರೆ ಗಾಳಿ ಎಲ್ಲಿಂದ ಸೋರುತ್ತಿದೆ ಅಂತ ಯಾರೂ ನೋಡಿದಂತಿಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಬಿಸಿಯೇ ಬೆಂಕಿ. ಸೆಲ್ಫ್ ನಿಧಾನ ತಿರುಗಿದರೂ ಆ ಬಿಸಿ ಹುಟ್ಟುವುದಿಲ್ಲ. ಉರಿಯದ ಡೀಸೆಲ್ಲೇ ಬಿಳಿ ಹೊಗೆಯಾಗಿ ಬರುತ್ತದೆ. ಇಳುಕಲಲ್ಲಿ ಎಂಜಿನ್ ಜೋರಾಗಿ ತಿರುಗುವುದರಿಂದ ಹಿಡಿಯುತ್ತದೆ. ಹಾಗಾಗಿ ಮೊದಲು ಬ್ಯಾಟರಿ, ಅರ್ಥ್ ವೈರು, ಸೆಲ್ಫ್ ನೋಡಿಸಿ.

ನನ್ನ ಅನುಮಾನ ಮಾತ್ರ ಆ ಹೆಡ್ ಗ್ಯಾಸ್ಕೆಟ್ ಕೆಲಸದ ಮೇಲೆ. ಹೊಸ ಗ್ಯಾಸ್ಕೆಟ್ ಕೆಲವು ಗಂಟೆ ಓಡಿದ ಮೇಲೆ ಕುಗ್ಗಿ ಕೂರುತ್ತದೆ. ಹೆಡ್ ಒಂದು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ವಾಲ್ವ್ ತೆರೆಯಲು ಕೆಳಗಿನಿಂದ ತಳ್ಳುವ ಪುಶ್ ರಾಡ್ ಉದ್ದ ಹಾಗೇ ಇರುತ್ತದೆ. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಇರಬೇಕಾದ ಟ್ಯಾಪೆಟ್ ಗ್ಯಾಪ್ ಮಾಯ! ಆಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅದಕ್ಕೇ ಕಂಪನಿ ಪುಸ್ತಕ ಹೇಳಿದ್ದರೆ ಹೆಡ್ ಬೋಲ್ಟ್ ಮತ್ತೆ ಟೈಟ್ ಮಾಡಿ, ಟ್ಯಾಪೆಟ್ ಮತ್ತೆ ಸೆಟ್ ಮಾಡಬೇಕು. ಎಷ್ಟೋ ಕಡೆ ಈ ಎರಡನೇ ಸುತ್ತು ಆಗುವುದೇ ಇಲ್ಲ.

ನೀವೇ ನೋಡಬಹುದು. ಎಂಜಿನ್ ತಣ್ಣಗಿರುವಾಗ ಮೇಲಿನ ಕವರ್ ತೆಗೆಸಿ. ಒಂದು ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರಬೇಕಾದ ಜಾಗಕ್ಕೆ ಎಂಜಿನ್ ತಿರುಗಿಸಿ, ರಾಕರ್ ಹಿಡಿದು ಅಲ್ಲಾಡಿಸಿ. ಟಿಕ್ ಟಿಕ್ ಅನ್ನಬೇಕು. ಅಲುಗಾಡದೆ ಬಿಗಿಯಾಗಿ ಕೂತಿದ್ದರೆ ಕಳ್ಳ ಸಿಕ್ಕ ಅಂತಲೇ ಲೆಕ್ಕ. ಗ್ಯಾಪ್ ಎಷ್ಟಿರಬೇಕು ಅನ್ನೋದು ಮಾಡೆಲ್ ಮೇಲೆ ಹೋಗುತ್ತದೆ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟೇ ಸೆಟ್ ಮಾಡಿಸಿ. ಅಂದಾಜಿಗೆ ಬೇಡ.

ಅದೂ ಸರಿ ಇದ್ದರೆ ಕಾಂಪ್ರೆಷನ್ ಅಳೆಯುವ ಗೇಜ್ ಹಾಕಿಸಿ. ಪೆಟ್ರೋಲ್ ಗಾಡಿಯ ಗೇಜ್ ಅಲ್ಲ, ಈ ಒತ್ತಡಕ್ಕೆ ಅದು ಕೆಟ್ಟೇ ಹೋಗುತ್ತದೆ. ಫುಲ್ ಚಾರ್ಜ್ ಬ್ಯಾಟರಿ ಇರಲಿ, ಸ್ಟಾಪ್ ಎಳೆದು ಡೀಸೆಲ್ ನಿಲ್ಲಿಸಿ, ಡೀಸೆಲ್ ಚಿಮ್ಮಿಸುವ ಮೂರೂ ನಾಝಲ್ ತೆಗೆದು ಒಂದೊಂದೇ ಸಿಲಿಂಡರ್ ಅಳೆಯಲಿ. ಸಾಮಾನ್ಯವಾಗಿ ಒತ್ತಡ 350ರಿಂದ 450 ಪಿಎಸ್‌ಐ ಬಂದರೆ ಒಳ್ಳೆಯದು. 300ಕ್ಕಿಂತ ಕೆಳಗಿಳಿದರೆ ಚಳಿಯಲ್ಲಿ ತೊಂದರೆ ಕೊಡುತ್ತದೆ. ಒಂದೇ ಸಿಲಿಂಡರಿನ ಒತ್ತಡ ಬಿದ್ದಿದ್ದರೆ ವಾಲ್ವ್ ನೋಡಿ. ಅಕ್ಕಪಕ್ಕದ ಎರಡು ಬಿದ್ದಿದ್ದರೆ ನಡುವೆ ಗ್ಯಾಸ್ಕೆಟ್ ಹೋಗಿರಬಹುದು. ಮೂರೂ ಸಮನಾಗಿ ಬಿದ್ದು ಸೆಲ್ಫ್ ಚೆನ್ನಾಗಿ ತಿರುಗುತ್ತಿದ್ದರೆ ಸವೆತ.

ನಾಝಲ್ ತೂತಿನಲ್ಲಿ ಆಯಿಲ್ ಬಿಟ್ಟು ಮತ್ತೆ ಅಳೆಯುವ ರೂಢಿಯಿದೆ. ಡೀಸೆಲ್ ಎಂಜಿನ್ನಿಗೆ ನನಗದು ಅಷ್ಟು ಇಷ್ಟವಿಲ್ಲ. ಆಯಿಲ್ ಪಿಸ್ಟನ್ ತಲೆಯ ಗುಂಡಿಯಲ್ಲೇ ನಿಂತು ಪಿಸ್ಟನ್ ಸುತ್ತಲಿನ ರಿಂಗಿಗೆ ತಲುಪದೆ ಇರಬಹುದು, ಜಾಸ್ತಿ ಬಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದರ ಬದಲು ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರಬೇಕಾದ ಜಾಗಕ್ಕೆ ಎಂಜಿನ್ ತಂದು, ಆ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡುವುದು ಮೇಲು. ಸೈಲೆನ್ಸರಿನಲ್ಲಿ ಸುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರಿನಲ್ಲಿ ಅಂದರೆ ಇನ್ಲೆಟ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಇಲ್ಲವೇ ಹೆಡ್ ಬಿರುಕು. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ರಿಂಗ್. ಗಾಳಿ ಬಿಟ್ಟಾಗ ಎಂಜಿನ್ ಥಟ್ಟನೆ ತಿರುಗಬಹುದು, ಫ್ಯಾನ್ ಹತ್ತಿರ ಕೈ ಬೇಡ. ನಾಝಲ್ ಮತ್ತೆ ಕೂರಿಸುವಾಗ ಬುಡಕ್ಕೆ ಹೊಸ ತಾಮ್ರದ ವಾಷರ್ ಹಾಕಲಿ, ಹಳೆಯದರ ಸುತ್ತ ಕಪ್ಪು ಒದ್ದೆ ಕಂಡರೆ ಅಲ್ಲೂ ಸೋರುತ್ತಿತ್ತು ಅಂತ.

ಇಷ್ಟರ ನಡುವೆ ಬೆಳಗ್ಗೆ ಅವಸರ ಅಂತ ಏರ್ ಕ್ಲೀನರಿಗೆ ಪೆಟ್ರೋಲ್ ಬಟ್ಟೆ ಹಿಡಿಯಬೇಡಿ, ರಿಂಗ್ ಮುರಿಯಬಹುದು.

ಗಾಳಿ ರಿಂಗಿನಿಂದಲೇ ಬರುತ್ತಿದ್ದರೆ ಮಿಸ್ತ್ರಿಯವರ ಮಾತೇ ಸರಿ, ಸೆಟ್ ಹಾಕಿಸಿ. ಹಾಕಿಸುವ ಮುಂಚೆ ಏರ್ ಕ್ಲೀನರ್‌ನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಬಗ್ಗಿಸಿ ನೋಡಿ. ಬಿರುಕಿದ್ದರೆ ನಿಮ್ಮ ಕಡೆಯ ಧೂಳಿಗೆ ಹೊಸ ಲೈನರ್ ಕೂಡ ಬೇಗ ಸವೆಯುತ್ತದೆ.