ಊನೋಗೆ ಜೊತೆ ಪ್ರೊಸೆಸರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತೋಟದ ಕೆರೆಯ ಕಪ್ಪೆಗಳ ಕೂಗನ್ನು ಆರ್ಡುಯಿನೊ ಊನೋದಲ್ಲಿ (ಹವ್ಯಾಸಿಗಳ ಚಿಕ್ಕ ಕಂಪ್ಯೂಟರ್ ಬೋರ್ಡ್) ವಿಶ್ಲೇಷಿಸಲು ಹೊರಟಿದ್ದೇನೆ. 512 ಬಿಂದುಗಳ ಎಫ್‌ಎಫ್‌ಟಿ (ಧ್ವನಿಯಲ್ಲಿ ಯಾವ ಆವರ್ತನ ಎಷ್ಟಿದೆ ಎಂದು ಬಿಡಿಸುವ ಲೆಕ್ಕ) ಹಾಕಿದ ಕೂಡಲೇ ಪ್ರೋಗ್ರಾಂ ಕೆಡುತ್ತದೆ. ಲೆಕ್ಕಕ್ಕೆಂದೇ ರಾಸ್ಪ್‌ಬೆರಿ ಪೈ ಪಿಕೊ (ಇನ್ನೊಂದು ಚಿಕ್ಕ ಕಂಪ್ಯೂಟರ್ ಬೋರ್ಡ್) ಕೂರಿಸಿದ ಜೊತೆ ಬೋರ್ಡ್ ಮಾಡಬಹುದೇ? (ಸಾಗರದಿಂದ)

ಉತ್ತರ: ಮಾಡಬಹುದು. ಒಂದು ಬಿಂದುವಿಗೆ ಎರಡೆರಡು ಬೈಟಿನ ಎರಡು ಸಂಖ್ಯೆ ಬೇಕು; 512 ಬಿಂದುಗಳಿಗೆ 2048 ಬೈಟ್. ಊನೋದ ರ‍್ಯಾಮ್ (ಲೆಕ್ಕದ ನಡುವೆ ಸಂಖ್ಯೆ ಇಡುವ ಜಾಗ) ಆರ್3 ಮಾದರಿಯಲ್ಲಿ ಇರುವುದೇ ಅಷ್ಟು, ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ಪಿಕೊದಲ್ಲಿ 264 ಕಿಲೋಬೈಟ್ ಇದೆ. ಹೊಸದಾಗಿ ಶುರುಮಾಡುವವರಿಗೆ ಪಿಕೊ ಒಂದೇ ಸಾಕು. 5 ವೋಲ್ಟಿನ ಸೆನ್ಸರ್‌ಗಳೂ ಪಳಗಿದ ಕೋಡೂ ಊನೋದಲ್ಲಿ ಇದ್ದರೆ ಮಾತ್ರ ಜೊತೆ ಬೋರ್ಡಿಗೆ ಅರ್ಥ.

ಪಿಕೊದ ಪಿನ್‌ಗಳು 5 ವೋಲ್ಟ್ ತಾಳುವುದಿಲ್ಲ. ಎರಡೂ ಬೋರ್ಡ್ ಮಾತಾಡುವುದು ಎಸ್‌ಪಿಐ ಎಂಬ ನಾಲ್ಕು ತಂತಿಯ ಸಂಪರ್ಕದಲ್ಲಿ: ಊನೋದ 10ನೇ ಪಿನ್ ಸೆಲೆಕ್ಟ್ (ಕೆಳಗಿಳಿದಾಗ ಪಿಕೊವನ್ನು ಕರೆದಂತೆ), 11 ಹೋಗುವ ಮಾಹಿತಿ, 12 ಹಿಂದಿರುಗುವ ಮಾಹಿತಿ, 13 ಗಡಿಯಾರ. ಊನೋದ 10, 11, 13ನೇ ಪಿನ್‌ಗಳನ್ನು 74ಎಲ್‌ವಿಸಿ125 ಚಿಪ್‌ನ ಮೂರು ಗೇಟ್‌ಗಳ (ಸಿಗ್ನಲನ್ನು ಹಾಗೇ ದಾಟಿಸುವ ದ್ವಾರ) ಮೂಲಕ ಕ್ರಮವಾಗಿ ಪಿಕೊದ ಜಿಪಿ17, ಜಿಪಿ16, ಜಿಪಿ18ಕ್ಕೆ ಕೊಡಿ. ಈ ಚಿಪ್ಪಿಗೆ ಪಿಕೊದ 3.3 ವೋಲ್ಟ್ ಸಾಕು, ಒಳಗೆ ಬರುವ 5 ವೋಲ್ಟನ್ನು ಅದು ತಾಳುತ್ತದೆ. ಹಿಂದಿರುಗುವ ಜಿಪಿ19 ಮಾತ್ರ 5 ವೋಲ್ಟಿನಲ್ಲಿ ನಡೆಯುವ 74ಎಚ್‌ಸಿಟಿ125ರ ಒಂದು ಗೇಟಿನಿಂದ 12ನೇ ಪಿನ್ನಿಗೆ ಹೋಗಲಿ. ಆ ಗೇಟಿನ ಎನೇಬಲ್ (ಗೇಟನ್ನು ತೆರೆದು ಮುಚ್ಚುವ) ಪಿನ್ನನ್ನು 10ನೇ ಪಿನ್ನಿಗೆ ಕಟ್ಟಿದರೆ ಅದೇ ತಂತಿಯಲ್ಲಿ ಎಸ್‌ಡಿ ಕಾರ್ಡ್ ಇದ್ದರೂ ಅದಕ್ಕೆ ತೊಂದರೆಯಾಗದು. ಎರಡೂ ಚಿಪ್ಪಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಬಳಸದ ಗೇಟ್‌ಗಳ ಇನ್‌ಪುಟ್ ಗ್ರೌಂಡಿಗೆ.

ವೋಲ್ಟ್ ಇಳಿಸಲು ಚಿಪ್ ಬದಲು 1ಕೆ, 2ಕೆ (ಒಂದು, ಎರಡು ಸಾವಿರ ಓಮ್) ರೆಸಿಸ್ಟರ್ ಜೋಡಿ ಹಾಕುವವರಿದ್ದಾರೆ. 10ನೇ ಪಿನ್ನಿಗೆ ಅದು ಬೇಡ. ಊನೋ ರೀಸೆಟ್ ಆಗುವಾಗ ಆ ಪಿನ್ ಮೇಲೇ (5 ವೋಲ್ಟಿನ ಬಳಿ) ಇರಲೆಂದು 10ಕೆ ರೆಸಿಸ್ಟರಿನಿಂದ 5 ವೋಲ್ಟಿಗೆ ಎಳೆದಿರುತ್ತೇವೆ. ಕೆಳಗೆ ಆ ಜೋಡಿಯ 3ಕೆ ಗ್ರೌಂಡಿಗೆ ಜಗ್ಗುತ್ತಿದ್ದರೆ ಅಲ್ಲಿ ಸಿಗುವುದು ಸುಮಾರು 1.15 ವೋಲ್ಟ್, ಪಿಕೊ ತನ್ನನ್ನೇ ಕರೆದರೆಂದು ತಿಳಿಯುತ್ತದೆ.

ಊನೋದ 3.3 ವೋಲ್ಟ್ ಪಿನ್ 50 ಮಿಲಿಆಂಪ್‌ಗಷ್ಟೇ ಸರಿ, ಪಿಕೊ ನಡೆಸಲು ಅದನ್ನು ನಂಬಬೇಡಿ. 5 ವೋಲ್ಟಿನಿಂದ 1ಎನ್5819 ಡಯೋಡ್ ಮೂಲಕ ಪಿಕೊದ ವಿಸಿಸ್ (VSYS) ಪಿನ್ನಿಗೆ ಕೊಡಿ. ಡಯೋಡ್ ಇದ್ದರೆ ಪಿಕೊಗೆ ಯುಎಸ್‌ಬಿ ಚುಚ್ಚಿದಾಗ ಕರೆಂಟ್ ಊನೋಗೆ ಹಿಮ್ಮುಖ ಹರಿಯುವುದಿಲ್ಲ.

ಹೆಚ್ಚಿನವರು ಸೋಲುವುದು ಎಸ್‌ಪಿಐ ಮೋಡ್‌ನಲ್ಲಿ (ಗಡಿಯಾರದ ಯಾವ ಅಂಚಿನಲ್ಲಿ ಬಿಟ್ ಓದಬೇಕೆಂಬ ಒಪ್ಪಂದ). ಮೋಡ್ 0 ಇಟ್ಟರೆ ಪಿಕೊ ಸ್ಲೇವ್ (ಊನೋ ಹೇಳಿದಂತೆ ಕೇಳುವ ಬೋರ್ಡ್) ಆಗಿರುವಾಗ ಪ್ರತಿ ಬೈಟಿಗೂ ಸೆಲೆಕ್ಟ್ ಪಿನ್ ಮೇಲೆ ಕೆಳಗೆ ಆಗಬೇಕು. ಇಲ್ಲದಿದ್ದರೆ ಮೊದಲ ಬೈಟಿನ ನಂತರದ್ದೆಲ್ಲ ಕಳೆದುಹೋಗುತ್ತದೆ. ಎರಡೂ ಕಡೆ ಮೋಡ್ 1 ಇಡಿ, ವೇಗ 1 ಮೆಗಾಹರ್ಟ್ಸ್‌ನಿಂದ ಶುರುವಾಗಲಿ. ಆಜ್ಞೆ ಕಳಿಸಿದ ಉಸಿರಿನಲ್ಲೇ ಉತ್ತರ ಓದಬೇಡಿ, ಹಳೆಯ ಬೈಟ್ ಬರುತ್ತದೆ. ಪಿಕೊದ ಇನ್ನೊಂದು ಪಿನ್ನನ್ನು ಎಚ್‌ಸಿಟಿಯ ಎರಡನೇ ಗೇಟಿನಿಂದ ಊನೋದ 2ನೇ ಪಿನ್ನಿಗೆ ತನ್ನಿ. ಲೆಕ್ಕ ಮುಗಿದು ಅದು ಮೇಲೆದ್ದ ಮೇಲೆ ಓದಿ. ಮೈಕನ್ನು, ಅದರ ಆಂಪ್ಲಿಫೈಯರ್ ಸಮೇತ, ಪಿಕೊಗೇ ಜೋಡಿಸಿ. ಫಲಿತಾಂಶದ ನಾಲ್ಕಾರು ಬೈಟ್ ಮಾತ್ರ ದಾಟಿದರೆ ಸಾಕು.

ಪ್ರಶ್ನೆ: ಡಾಟ್ ಬೋರ್ಡಿನಲ್ಲಿ (ಸಾಲುಸಾಲು ತೂತಿರುವ ಬೋರ್ಡ್) ಮಾಡಿದ ಶೀಲ್ಡ್ (ಊನೋ ಪಿನ್‌ಗಳಿಗೆ ಚುಚ್ಚಿ ಕೂರಿಸುವ ಬೋರ್ಡ್) ಊನೋ ಮೇಲೆ ಕೂರುತ್ತಿಲ್ಲ. (ತೀರ್ಥಹಳ್ಳಿಯಿಂದ)

ಉತ್ತರ: 7 ಮತ್ತು 8ನೇ ಪಿನ್‌ಗಳ ನಡುವಿನ ಅಂತರ 2.54 ಮಿಲಿಮೀಟರ್ ಅಲ್ಲ, 4.06. ಆ ಸಾಲಿನ ಪಿನ್‌ಗಳನ್ನು ಸ್ವಲ್ಪ ಬಗ್ಗಿಸಿ ಕೂರಿಸಿ, ಅಥವಾ ಪಿಸಿಬಿ (ಸರಿಯಾದ ಅಳತೆಗೆ ಅಚ್ಚು ಹಾಕಿದ ಬೋರ್ಡ್) ಮಾಡಿಸಿ. ಯುಎಸ್‌ಬಿ ಸಾಕೆಟ್ಟಿನ ಲೋಹದ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸುವುದನ್ನು ಮರೆಯಬೇಡಿ, ಶೀಲ್ಡಿನ ಬೆಸುಗೆ ಅದಕ್ಕೆ ತಾಗಿ ಶಾರ್ಟ್ ಆಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಸರಿಯಿದ್ದ ಬೋರ್ಡ್ ಆರಿದ್ರಾ ಮಳೆ ಹಿಡಿದ ಮೇಲೆ ಆಗಾಗ ನಿಲ್ಲುತ್ತದೆ. (ಹೊಸನಗರದಿಂದ)

ಉತ್ತರ: ತೊಳೆಯದೆ ಬಿಟ್ಟ ಫ್ಲಕ್ಸ್ (ಬೆಸುಗೆಗೆ ಬಳಸುವ ಅಂಟು) ಮೇಲೆ ಮೊದಲು ಅನುಮಾನಪಡಿ. ತೇವ ಹೀರಿದ ಫ್ಲಕ್ಸ್ ಪಕ್ಕಪಕ್ಕದ ಪಿನ್‌ಗಳ ನಡುವೆ ಸಣ್ಣದಾಗಿ ಕರೆಂಟ್ ಹರಿಸುತ್ತದೆ. ಬೋರ್ಡಿಗೆ ತಾಳ ಕೊಡುವ ಕ್ರಿಸ್ಟಲ್ ಬಳಿ ಹೀಗಾದರೆ ಗಡಿಯಾರವೇ ನಿಲ್ಲಬಹುದು. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ. ಆಮೇಲೆ ಯುಎಸ್‌ಬಿ, ಹೆಡರ್, ಮೈಕಿನ ರಂಧ್ರಗಳಿಗೆ ಟೇಪ್ ಮುಚ್ಚಿ ಅಕ್ರಿಲಿಕ್ ಕೋಟಿಂಗ್ ಅನ್ನು ತೆಳುವಾಗಿ ಎರಡು ಸಲ ಸಿಂಪಡಿಸಿ. ತೇವ ಇದ್ದಾಗಲೇ ಹೊಡೆದರೆ ಅದು ಒಳಗೇ ಉಳಿಯುತ್ತದೆ. ತಂತಿಗಳು ಪೆಟ್ಟಿಗೆಯ ಅಡಿಯಿಂದ ಒಳಬರಲಿ, ಮೇಲಿನಿಂದ ಬಂದರೆ ನೀರು ತಂತಿ ಹಿಡಿದೇ ಇಳಿಯುತ್ತದೆ.