ಪಿಸ್ಟನ್ ಕೈಗೆ ಬರಲಿ, ಆಮೇಲೆ ಬೋರಿಂಗ್

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇನ್ನೂ ಓಡುತ್ತಿವೆ. ಅವುಗಳ ಬ್ಲಾಕ್, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರ್, ಕೆಡಿಸೋರೂ ಕಮ್ಮಿಯಾಗಿಲ್ಲ. ಪ್ರಶ್ನೆಗಳೂ ಅವೇ.

ಪ್ರಶ್ನೆ: ಯೆಜ್ಡಿ 250ಕ್ಕೆ 0.50 ಮಿ.ಮೀ. ಬೋರಿಂಗ್ (ಸವೆದ ಬ್ಲಾಕಿನ ಒಳಗೋಡೆ ಕೆರೆದು ಅಗಲ ಮಾಡೋದು) ಮಾಡಿಸಿ, ಆಮೇಲೆ ಪಿಸ್ಟನ್ ತಂದು ಹಾಕಿಸಿದೆ. ಮೈಸೂರು ದಾಟೋ ಮುಂಚೆಯೇ ಪಿಸ್ಟನ್ ಬ್ಲಾಕಿನಲ್ಲಿ ಕಚ್ಚಿಕೊಂಡು ಸೀಜ್ ಆಯಿತು. ಪಿಸ್ಟನ್ ಡೂಪ್ಲಿಕೇಟಾ?
– ಓದುಗರು, ಶ್ರೀರಂಗಪಟ್ಟಣ

ಇದ್ದರೂ ಇರಬಹುದು. ಆದರೆ ಪಿಸ್ಟನ್ ಇಲ್ಲದೆ ಬ್ಲಾಕನ್ನು ಲೇತ್‌ನವರಿಗೆ ಕೊಟ್ಟಿರಲ್ಲ, ಎಡವಿದ್ದು ಅಲ್ಲೇ. ಡಬ್ಬಿ ಮೇಲಿನ 0.50 ಪಿಸ್ಟನ್ನಿನ ಅಳತೆ ಅಲ್ಲ. ಯೆಜ್ಡಿಯ ಸ್ಟ್ಯಾಂಡರ್ಡ್ ಬೋರ್ 65 ಮಿ.ಮೀ., ಅದನ್ನು 65.50ಕ್ಕೆ ತಂದಾಗ ಹಾಕೋ ಪಿಸ್ಟನ್ ಇದು ಅಂತ ಅಷ್ಟೇ ಅರ್ಥ. ಪಿಸ್ಟನ್ ಅದಕ್ಕಿಂತ ಎಷ್ಟು ಸಣ್ಣದಿದೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ.

ಮೊದಲು ಬ್ಲಾಕನ್ನು ಬೋರ್ ಗೇಜ್‌ನಲ್ಲಿ ಮೇಲೆ, ಮಧ್ಯೆ, ಕೆಳಗೆ ಅಳೆಸಿ. 0.25ರಲ್ಲಿ ಗೀರು ಹೋಗುತ್ತೆ ಅಂದ್ರೆ 0.50 ಯಾಕೆ? ಒಂದೊಂದು ಬೋರಿಂಗಿಗೂ ಬ್ಲಾಕಿನ ಆಯಸ್ಸು ಕರಗುತ್ತದೆ. ಸೈಜ್ ಗೊತ್ತಾದ ಮೇಲೆ ಪಿಸ್ಟನ್ ತನ್ನಿ. ಮೈಕ್ರೋಮೀಟರ್ ಇಡಬೇಕಾದದ್ದು ಸ್ಕರ್ಟಿನ (ರಿಂಗುಗಳ ಕೆಳಗಿನ ಪಿಸ್ಟನ್ ಗೋಡೆ) ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡಲಾಗಿ. ಪಿಸ್ಟನ್ನಿನ ತಲೆ ಜಾಸ್ತಿ ಕಾಯುತ್ತೆ, ಜಾಸ್ತಿ ಹಿಗ್ಗುತ್ತೆ. ಅದಕ್ಕೇ ಅಲ್ಲಿ ಸಣ್ಣ ಮಾಡಿರುತ್ತಾರೆ. ತಲೆ ಅಳೆದು ಬೋರ್ ಮಾಡುವವರನ್ನು ಏನನ್ನಬೇಕೋ ನಾನರಿಯೆ.

ಅಲ್ಯುಮಿನಿಯಂ ಪಿಸ್ಟನ್ ಬೀಡುಕಬ್ಬಿಣದ ಬ್ಲಾಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. ಅದಕ್ಕೇ ಎರಡರ ಮಧ್ಯೆ ಸಂದು, ಅಂದ್ರೆ ಕ್ಲಿಯರೆನ್ಸ್, ಬೇಕು. ಪಿಸ್ಟನ್ ಕಂಪನಿ ಹೇಳಿದಷ್ಟು ಇಡಿಸಿ. ಏನೂ ಹೇಳಿಲ್ಲವಾದರೆ ನಾನು ಯೆಜ್ಡಿಗೆ 0.07 ಮಿ.ಮೀ.ಗಿಂತ ಕಮ್ಮಿ ಬಿಡಲ್ಲ. ತಣ್ಣಗಿದ್ದಾಗ ಒಂಚೂರು ಟಕಟಕ ಅಂದರೆ ಅನ್ನಲಿ, ಸೀಜ್ ಆಗೋದಕ್ಕಿಂತ ವಾಸಿ. ಕೊನೆಯ ಅಳತೆಗೆ ಹೋನಿಂಗ್‌ನಲ್ಲೇ (ಸಾಣೆಕಲ್ಲಿನಲ್ಲಿ ಬೋರ್ ಉಜ್ಜೋದು) ಬರಬೇಕು, ಆ ಅಡ್ಡಗೀರುಗಳೇ ಆಯಿಲ್ ಹಿಡಿಯೋದು. ಪೋರ್ಟುಗಳ, ಅಂದ್ರೆ ಬ್ಲಾಕಿನ ಗೋಡೆಯಲ್ಲಿರೋ ಕಿಂಡಿಗಳ, ಚೂಪು ಅಂಚನ್ನು ತೆಗೆಸಿದಿರಾ? ಇದನ್ನು ಮರೆಯೋರೇ ಜಾಸ್ತಿ. ರಿಂಗ್ ಅಲ್ಲಿ ಸಿಕ್ಕಿ ಮುರಿದ ಮೇಲೆ ಪಿಸ್ಟನ್ ಕಂಪನಿಯನ್ನು ಬೈತಾರೆ.

ಇನ್ನು ನಿಮ್ಮ ಡೂಪ್ಲಿಕೇಟ್ ಅನುಮಾನ. ಪಿಸ್ಟನ್ ಬಿಚ್ಚಿ ನೋಡಿ. ನಾಲ್ಕು ಕಡೆ ಉಜ್ಜಿದ್ದರೆ ಕ್ಲಿಯರೆನ್ಸ್ ಸಾಲದು. ಎಕ್ಸಾಸ್ಟ್ ಕಡೆ ಮಾತ್ರ ಉಜ್ಜಿದ್ದರೆ ಪೆಟ್ರೋಲ್ ಸಾಲದಿರಬಹುದು, ಕಾರ್ಬೊರೇಟರ್ ಜೆಟ್ ನೋಡಿ, ಎಲ್ಲಾದರೂ ಗಾಳಿ ಎಳೀತಿದೆಯಾ ನೋಡಿ. ಅಂಗಡಿಯವರ ಮೇಲೆ ಜಗಳಕ್ಕೆ ಹೋಗೋದು ಆಮೇಲೆ.

ಪ್ರಶ್ನೆ: ರಿಂಗ್ ಬೇಗ ಕೂರಲಿ ಅಂತ ಮೆಕ್ಯಾನಿಕ್ ಕಾರ್ಬೊರೇಟರ್‌ನಲ್ಲಿ ಪಾಲಿಶ್ ಪುಡಿ ಬಿಡ್ತಾರಂತೆ, ಬಿಡಿಸಲಾ?
– ಓದುಗರು, ಮಂಡ್ಯ

ಇವತ್ತೇ ಗಾಡಿ ವಾಪಸ್ ತನ್ನಿ. ಟೂ ಸ್ಟ್ರೋಕ್‌ನಲ್ಲಿ ಆ ಪುಡಿ ಕ್ರ್ಯಾಂಕ್ ಬೇರಿಂಗ್ ದಾಟಿಯೇ ಮೇಲೆ ಹೋಗೋದು. ಇದು ರಿಪೇರಿ ಅಲ್ಲ, ಮುಂದಿನ ರಿಪೇರಿಗೆ ಅಡ್ವಾನ್ಸ್.

ಪ್ರಶ್ನೆ: ಹೊಸ ಬೋರ್ ಆದ ಮೇಲೆ ರಾತ್ರಿಯಿಡೀ ಐಡಲ್‌ನಲ್ಲಿ ಬಿಡಬೇಕಾ?

ಬೇಡ. ಗಾಳಿ ಬೀಸದೆ ಸುಮ್ನೆ ಕಾಯುತ್ತೆ, ರಿಂಗೂ ಕೂರಲ್ಲ. ಓಡಿಸಿ. ಪೂರ್ತಿ ಥ್ರಾಟಲ್ ಬೇಡ, ಒಂದೇ ಸ್ಪೀಡೂ ಬೇಡ.

ಪ್ರಶ್ನೆ: ನೇರ 1.00 ಬೋರ್ ಮಾಡಿಸಿದರೆ ಪಿಕಪ್ ಬರುತ್ತಾ?

65 ಹೋಗಿ 66 ಆದರೆ 249 ಸಿಸಿ 257 ಆಗುತ್ತೆ. ಎಂಟು ಸಿಸಿ ಆಸೆಗೆ ಬ್ಲಾಕ್ ಕಳೀಬೇಡಿ.

ಪ್ರಶ್ನೆ: ಬುಲೆಟ್ ನೀಲಿ ಹೊಗೆ ಬಿಡ್ತಿದೆ, ಬೋರಿಂಗ್ ಮಾಡಿಸಲಾ?

ವಾಲ್ವ್ ಗೈಡ್ ನೋಡಿಸಿದಿರಾ? ಅದು ಸವೆದರೂ ಆಯಿಲ್ ಒಳಗಿಳಿದು ನೀಲಿ ಹೊಗೆ ಬರುತ್ತೆ. ನೋಡಿಸಿ, ಆಮೇಲೆ ಬರೆಯಿರಿ.